ಕೋನ್ ಫಿಲ್ಟರ್ ಹಾಕಿದ ಕಾರು ಎಫ್‌ಸಿಗೆ ಹೋಗುವ ಮೊದಲು

ಖಾಸಗಿ ಕಾರಿಗೆ 15 ವರ್ಷ ತುಂಬಿದರೆ ಆರ್‌ಸಿ ನವೀಕರಣಕ್ಕೆ ಫಾರ್ಮ್ 25 ಹಾಕಿ, ಗಾಡಿಯನ್ನು ಎಫ್‌ಸಿಗೆ (ಓಡಿಸಲು ಯೋಗ್ಯವೇ ಎಂಬ ತಪಾಸಣೆಗೆ) ಇನ್‌ಸ್ಪೆಕ್ಟರ್ ಎದುರು ನಿಲ್ಲಿಸಬೇಕು. ಅವಧಿ ಮುಗಿಯಲು 60 ದಿನ ಇರುವಾಗಿನಿಂದ ಅರ್ಜಿ ಹಾಕಬಹುದು. ಮಂಗಳೂರಿನ ಕೆಎ-19 ಇರಲಿ, ಉಡುಪಿಯ ಕೆಎ-20 ಇರಲಿ, ಬಾನೆಟ್ ಎತ್ತಿದ ಕೂಡಲೇ ಕಣ್ಣಿಗೆ ಬೀಳುವುದು ಕಂಪನಿಯ ಏರ್ ಫಿಲ್ಟರ್ ತೆಗೆದು ಹಾಕಿಸಿದ ಆ ಕೆಂಪು ಕೋನ್ ಆಕಾರದ ಫಿಲ್ಟರ್. ಎಮಿಷನ್ ಟೆಸ್ಟಿನಲ್ಲಿ ಗಾಡಿ ಸಿಕ್ಕಿಬೀಳುವುದು ಮಾತ್ರ ಹೆಚ್ಚಾಗಿ ಕೋನ್ ಕೂರಿಸುವಾಗ ಬಿಚ್ಚಿ, ಮುಚ್ಚಿ, ಹೇಗೋ ಕಟ್ಟಿಬಿಟ್ಟ ಪೈಪುಗಳಿಂದ.

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯ ವಿವರ ಕಂಪನಿ ಕೊಟ್ಟದ್ದಕ್ಕಿಂತ ಬೇರೆಯಾಗುವಂಥ ಬದಲಾವಣೆ ಮಾಡುವಂತಿಲ್ಲ. ಆರ್‌ಸಿಯಲ್ಲಿ ಏರ್ ಫಿಲ್ಟರಿಗೆ ಕಾಲಂ ಇಲ್ಲ ಎಂದು ಅಲ್ಲಿ ವಾದಕ್ಕೆ ನಿಲ್ಲಬೇಡಿ ಮಾರಾಯ್ರೆ. ಹೊಗೆ, ಸದ್ದು ಎರಡನ್ನೂ ನೋಡುವವರು ಇನ್‌ಸ್ಪೆಕ್ಟರೇ. ಹಳೆಯ ಏರ್‌ಬಾಕ್ಸ್ (ಕಂಪನಿಯ ಏರ್ ಫಿಲ್ಟರ್ ಡಬ್ಬಿ) ಅಟ್ಟದಲ್ಲಿ ಉಂಟಾದರೆ ಇಳಿಸಿ ಹಾಕಿ. ಒಳಗೆ ಅದೇ ಅಳತೆಯ ಚಪ್ಪಟೆ ಕಾಟನ್ ಫಿಲ್ಟರ್ ಇದ್ದರೆ ತೊಂದರೆ ಇಲ್ಲ. ಗುಜರಿಯಿಂದ ಬಾಕ್ಸ್ ತರುವುದಾದರೆ ಪಾರ್ಟ್ ನಂಬರ್ ನೋಡಿಯೇ ತನ್ನಿ. ಒಂದೇ ಮಾಡೆಲ್ಲಿನ ಪೆಟ್ರೋಲ್, ಡೀಸೆಲ್ ಗಾಡಿಗಳ ಬಾಕ್ಸ್ ಬೇರೆ ಬೇರೆ ಇರುತ್ತದೆ.

ಕೋನ್ ಮತ್ತು ಪೈಪಿನ ಕಿಟ್ಟನ್ನೇ ಉಳಿಸಿಕೊಳ್ಳುವುದಾದರೆ ಮೊದಲು ನಿಮ್ಮ ಗಾಡಿಯಲ್ಲಿ ಒಳಗೆ ಹೋಗುವ ಗಾಳಿಯನ್ನೇ ಅಳೆಯುವ ಮಾಫ್ ಸೆನ್ಸರ್ ಉಂಟಾ, ಗಾಳಿದಾರಿಯ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಮಾತ್ರವಾ ನೋಡಿಕೊಳ್ಳಿ. ಮಾಫ್ ಇರುವ ಗಾಡಿಗೆ ಪೈಪಿನ ಒಳ ಅಳತೆಯೇ ಪ್ರಾಣ. ಕಂಪನಿ ಪೈಪ್ 60 ಮಿಮೀ ಇದ್ದು, ಕಿಟ್ಟಿನದು 66 ಮಿಮೀ ಎಂದಿಟ್ಟುಕೊಳ್ಳಿ. ವ್ಯಾಸ ಹೆಚ್ಚಿದ್ದು ಶೇ. 10, ಗಾಳಿ ಹೋಗುವ ಜಾಗ ಹೆಚ್ಚಿದ್ದು ಶೇ. 21. ಸೆನ್ಸರ್ ತನ್ನ ಮುಂದೆ ಹರಿದಷ್ಟನ್ನೇ ಲೆಕ್ಕ ಹಾಕುತ್ತದೆ, ಇಸಿಯು (ಎಂಜಿನ್ನಿನ ಕಂಪ್ಯೂಟರ್) ಆ ಲೆಕ್ಕಕ್ಕೆ ಪೆಟ್ರೋಲ್ ಬಿಡುತ್ತದೆ, ಮಿಶ್ರಣ ಲೀನ್ ಆಗುತ್ತದೆ, ಅಂದರೆ ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ. ಪರಿಹಾರ ಒಂದೇ: ಸೆನ್ಸರನ್ನು ಕಂಪನಿಯ ಹೌಸಿಂಗ್ ಸಮೇತ ಹೊಸ ಪೈಪಿಗೆ ಸೇರಿಸುವುದು. ಸೆನ್ಸರ್ ಮೇಲಿನ ಬಾಣ ಎಂಜಿನ್ ಕಡೆಗೆ ಇರಲಿ, ಮುಂದೆ ಹಿಂದೆ ಸ್ವಲ್ಪ ದೂರ ಪೈಪ್ ನೇರ ಇರಲಿ.

ಇನ್ನು ಬ್ರೀದರ್ ಹೋಸ್. ವಾಲ್ವ್ ಕವರಿನಿಂದ ಏರ್ ಪೈಪಿಗೆ ಬರುವ ಬೆರಳು ದಪ್ಪದ ರಬ್ಬರ್ ಪೈಪ್. ಇದನ್ನು ಕಳಚಿ, ತುದಿಗೆ ಪುಟ್ಟ ಫಿಲ್ಟರ್ ಸಿಕ್ಕಿಸುವುದು ಒಂದು ಫ್ಯಾಷನ್. ಎಣ್ಣೆಯ ಹಬೆ ಹೊರಗೆ ಬಂದು ಎಂಜಿನ್ ಮೇಲೆಲ್ಲ ಜಿಡ್ಡು ಕೂರುತ್ತದೆ, ಅದು ಕಾಣುವ ದೋಷ. ಕಾಣದ ದೋಷ ಇನ್ನೊಂದು: ಮಾಫ್ ಗಾಡಿಯಲ್ಲಿ ಆ ದಾರಿಯಿಂದ ಲೆಕ್ಕಕ್ಕೆ ಸಿಗದ ಗಾಳಿ ಪಿಸಿವಿ ವಾಲ್ವ್ (ಎಣ್ಣೆಯ ಹಬೆಯನ್ನು ಎಂಜಿನ್ನಿಗೇ ಮರಳಿ ಕಳಿಸುವ ವಾಲ್ವ್) ಮೂಲಕ ಒಳಗೆ ಹೋಗುತ್ತದೆ. ಹೋಸನ್ನು ಸೆನ್ಸರಿಗೂ ಥ್ರಾಟಲಿಗೂ (ಆಕ್ಸಿಲರೇಟರ್ ಒತ್ತಿದಾಗ ಗಾಳಿಗೆ ತೆರೆಯುವ ಬಾಗಿಲು) ನಡುವೆ ಸೇರಿಸಿ. ಕಿಟ್ ಪೈಪಿನಲ್ಲಿ ಮೂತಿ ಇಲ್ಲದಿದ್ದರೆ ಅದೇ ಅಳತೆಯ ಮೂತಿ ವೆಲ್ಡ್ ಮಾಡಿಸಿ. ಎಂ-ಸೀಲ್ ಬೇಡ. ಒಡೆದು ಒಳಗೆ ಬಿದ್ದ ಚೂರು ಥ್ರಾಟಲಿಗೇ ಹೋಗುವುದು.

ಪೈಪ್ ಮತ್ತು ಸಿಲಿಕಾನ್ ಹೋಸ್ ಕನಿಷ್ಠ 20-25 ಮಿಮೀ ಒಂದರೊಳಗೊಂದು ಹೊಕ್ಕಿರಬೇಕು. ಕ್ಲಿಪ್ ಸ್ಟೇನ್‌ಲೆಸ್ ಆಗಿರಲಿ. ನಮ್ಮ ಉಪ್ಪು ಗಾಳಿಗೆ ಸಾದಾ ಕ್ಲಿಪ್ಪಿನ ಸ್ಕ್ರೂ ತುಕ್ಕು ಹಿಡಿದು, ಬಿಚ್ಚಲು ಹೋದರೆ ತಲೆಯೇ ಸವೆದು ಹೋಗುತ್ತದೆ. ಫಿಲ್ಟರನ್ನು ಬಂಪರ್ ಒಳಗೆ ಇಳಿಸುವ ಕಿಟ್ ಇಲ್ಲಿಗೆ ಹೇಳಿಸಿದ್ದೇ ಅಲ್ಲ. ಜುಲೈ ಮಳೆಗೆ ಮಂಗಳೂರಿನ ಕೊಟ್ಟಾರ ಚೌಕಿಯಲ್ಲೋ ಪಂಪ್‌ವೆಲ್‌ನಲ್ಲೋ ನಿಂತ ನೀರನ್ನು ಒಮ್ಮೆ ಎಳೆದುಕೊಂಡರೆ ಎಫ್‌ಸಿಯ ಮಾತು ಹಾಗಿರಲಿ, ಕನೆಕ್ಟಿಂಗ್ ರಾಡೇ ಬಾಗುತ್ತದೆ.

ಈಗ ಲೀಕ್ ಹುಡುಕುವುದು. ಎಂಜಿನ್ ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ) ಇರುವಾಗ ಸಾಬೂನು ನೀರಿನ ಸ್ಪ್ರೇಯನ್ನು ಒಂದೊಂದು ಜಾಯಿಂಟಿಗೆ ತುಸು ತುಸುವೇ ಹೊಡೆಯಿರಿ, ವಯರಿನ ಕನೆಕ್ಟರುಗಳಿಗೆ ತಾಗದ ಹಾಗೆ. ಲೀಕ್ ಇರುವ ಕಡೆ ನೀರು ಕ್ಷಣಹೊತ್ತು ತೂತು ಮುಚ್ಚುವುದರಿಂದ ಸದ್ದು ಬದಲಾಗುತ್ತದೆ. ಕಾರ್ಬ್ ಕ್ಲೀನರ್ ಹೊಡೆಯುವವರೂ ಇದ್ದಾರೆ, ಬಿಸಿ ಎಂಜಿನ್ ಮೇಲೆ ಅದು ಬೆಂಕಿಯ ಆಟ. ಆಮೇಲೆ ಇಸಿಯುವಿನ ಲೆಕ್ಕ ತೋರಿಸುವ ಒಬಿಡಿ ಸ್ಕ್ಯಾನರ್ ಹಾಕಿ ಫ್ಯುಯೆಲ್ ಟ್ರಿಮ್ ಓದಿ, ಅಂದರೆ ಇಸಿಯು ಪೆಟ್ರೋಲನ್ನು ಶೇಕಡಾ ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಎಂಬುದನ್ನು. ±5 ಒಳಗಿದ್ದರೆ ಚಂದ, ±10 ದಾಟಿದರೆ ಹುಡುಕಬೇಕು. ಮಾಫ್ ಗಾಡಿಯಲ್ಲಿ ಐಡಲ್‌ನಲ್ಲಿ +20 ಇದ್ದು, 2500 ಆರ್‌ಪಿಎಂಗೆ ಏರಿಸಿದಾಗ ಇಳಿದರೆ ಅದು ಲೀಕ್. ಏರಿಸಿದರೂ ಅಷ್ಟೇ ಇದ್ದರೆ ಪೈಪಿನ ಅಳತೆಯದೋ ಕೊಳೆಯಾದ ಸೆನ್ಸರಿನದೋ ದೋಷ. ಕಾಟನ್ ಫಿಲ್ಟರಿಗೆ ಎಣ್ಣೆ ಜಾಸ್ತಿ ಸುರಿದರೆ ಸೆನ್ಸರಿನ ತಂತಿಗೆ ಹತ್ತುತ್ತದೆ. ಮಾಫ್ ಕ್ಲೀನರಿನಲ್ಲೇ ತೊಳೆಯಿರಿ, ಬೆರಳು ತಾಗಿಸಬೇಡಿ, ಪೂರ್ತಿ ಒಣಗಿಸಿ.

ಮ್ಯಾಪ್ ಗಾಡಿಯ ಲಕ್ಷಣ ಬೇರೆ. ಅಲ್ಲಿ ಥ್ರಾಟಲ್ ನಂತರದ ಲೀಕ್ ಐಡಲನ್ನು ಏರಿಸುತ್ತದೆ. ಥ್ರಾಟಲಿಗಿಂತ ಮೊದಲಿನ ಲೀಕ್ ಟ್ರಿಮ್ಮಿನಲ್ಲಿ ಕಾಣುವುದೇ ಇಲ್ಲ, ಧೂಳು ಮಾತ್ರ ಒಳಗೆ ಹೋಗುತ್ತಾ ಇರುತ್ತದೆ. ಏರ್‌ಬಾಕ್ಸಿನಲ್ಲಿದ್ದ ಐಎಟಿ ಸೆನ್ಸರನ್ನು (ಒಳ ಹೋಗುವ ಗಾಳಿಯ ಬಿಸಿ ಅಳೆಯುವುದು) ವಯರಿನಲ್ಲಿ ನೇತಾಡಲು ಬಿಟ್ಟಿದ್ದರೆ ರಬ್ಬರ್ ಗ್ರಾಮೆಟ್ ಹಾಕಿ ಪೈಪಿನೊಳಗೆ ಕೂರಿಸಿ. ಕನೆಕ್ಟರ್ ಕಳಚಿದ್ದರೆ ಪಿ0113 ಎಂಬ ದೋಷದ ಕೋಡ್ ಬಂದು ಚೆಕ್ ಎಂಜಿನ್ ದೀಪ ಹೊತ್ತುತ್ತದೆ.

ಎಮಿಷನ್ ಟೆಸ್ಟಿನ ಮಿತಿ ಗಾಡಿಯ ಬಿಎಸ್ (ಭಾರತ್ ಸ್ಟೇಜ್) ಮಾನದಂಡದ ಮೇಲೆ ನಿಂತಿದೆ. ಪೆಟ್ರೋಲ್ ಬಿಎಸ್ 3 ಆದರೆ ಐಡಲ್‌ನಲ್ಲಿ ಸಿಒ (ಕಾರ್ಬನ್ ಮಾನಾಕ್ಸೈಡ್) ಶೇ. 0.5, ಎಚ್‌ಸಿ (ಉರಿಯದೆ ಉಳಿದ ಇಂಧನ) 750 ಪಿಪಿಎಂ. ಬಿಎಸ್ 4 ಆದರೆ 0.3 ಮತ್ತು 200. ಜತೆಗೆ 2500 ಆರ್‌ಪಿಎಂನಲ್ಲಿ ಲ್ಯಾಂಬ್ಡಾ (ಗಾಳಿ-ಪೆಟ್ರೋಲ್ ಹದದ ಅಳತೆ) 0.97ರಿಂದ 1.03ರ ಒಳಗೆ. 2010ರಲ್ಲಿ ಬೆಂಗಳೂರಿಗೆ ಬಿಎಸ್ 4 ಕಡ್ಡಾಯವಾಗಿತ್ತು, ಮಂಗಳೂರಿಗೆ ಆಗಿರಲಿಲ್ಲ, ಆದ್ದರಿಂದ ಆ ಕಾಲದ ಗಾಡಿಯಾದರೆ ಯಾವುದೆಂದು ನೋಡಿಕೊಂಡೇ ಹೋಗಿ. ಡೀಸೆಲಿಗೆ ಬಿಎಸ್ 4ರಲ್ಲಿ 50 ಎಚ್‌ಎಸ್‌ಯು (ಹೊಗೆಯ ದಟ್ಟಣೆಯ ಅಳತೆ), ಅದಕ್ಕಿಂತ ಹಳೆಯದಕ್ಕೆ 65. ಟರ್ಬೊ ಡೀಸೆಲ್ ಕಪ್ಪು ಹೊಗೆ ಬಿಟ್ಟರೆ ಇಂಜೆಕ್ಟರ್ ಬಿಚ್ಚಿಸುವ ಮೊದಲು ಟರ್ಬೊದ ಗಾಳಿ ತಣಿಸುವ ಇಂಟರ್‌ಕೂಲರಿನ ಹೋಸನ್ನು ಕೈಯಿಂದ ಹಿಂಡಿ ನೋಡಿ. ಬಿರುಕಿದ್ದ ಕಡೆ ಎಣ್ಣೆ ಜಿನುಗಿರುತ್ತದೆ.

ಬ್ಯಾಟರಿ ಕಳಚಿ ಕೋಡ್ ಅಳಿಸಿ ನೇರ ಟೆಸ್ಟಿಗೆ ಓಡುವುದರಲ್ಲಿ ಅರ್ಥವಿಲ್ಲ. ಕಲಿತ ಟ್ರಿಮ್ ಕೂಡ ಅಳಿಸಿರುತ್ತದೆ. ಸ್ವಲ್ಪ ಪೇಟೆ, ಸ್ವಲ್ಪ ಹೈವೇ ಎಂದು 50 ಕಿಮೀ ಓಡಿಸಿ. ಮಂಗಳೂರಿಂದ ಮುಲ್ಕಿಗೆ ಹೋಗಿ ಬಂದರೆ ಸಾಕು, ಅದರಾಚೆಯ ಹೆಜಮಾಡಿಯಲ್ಲಿ ಟೋಲ್ ಕೊಡುವುದೂ ತಪ್ಪುತ್ತದೆ. ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನ ಬಿಸಿ ಆರುವ ಮೊದಲೇ ಸೆಂಟರಿಗೆ ನುಗ್ಗಿ. ಕ್ಯೂ ಇದ್ದರೆ ಟೆಸ್ಟಿನ ನಳಿಗೆಯನ್ನು ಸೈಲೆನ್ಸರಿಗೆ ಸಿಕ್ಕಿಸುವ ಮೊದಲು ಎರಡು ನಿಮಿಷ 2500 ಆರ್‌ಪಿಎಂನಲ್ಲಿ ಹಿಡಿಯಿರಿ, ಎಸಿ ಆಫ್ ಮಾಡಿ.