'ಈಗಿನ ಹುಡುಗರು' ಮತ್ತು 'ಹಳೇ ಕಾಲದವರು': ಎಚ್‌ಆರ್ ಟೇಬಲ್‌ನಿಂದ ಕಂಡದ್ದು

ನಾನು ಎಚ್‌ಆರ್‌ನಲ್ಲಿದ್ದೇನೆ. ನನ್ನ ಹತ್ತಿರ ಬರುವ ದೂರುಗಳಲ್ಲಿ ಎರಡು ಮಾತು ಮಾಮೂಲು. 'ಈಗಿನ ಹುಡುಗರಿಗೆ ನಿಯತ್ತಿಲ್ಲ.' 'ಸೀನಿಯರ್‌ಗಳು ಬದಲಾಗೋದೇ ಇಲ್ಲ.' ಇಬ್ಬರನ್ನೂ ಎದುರುಬದುರು ಕೂರಿಸಿದರೆ ಕಥೆಯೇ ಬೇರೆ ಇರುತ್ತದೆ.

ನಿವೃತ್ತಿ ಹತ್ತಿರವಿದ್ದ ಮ್ಯಾನೇಜರ್ ಒಬ್ಬರು ರಾತ್ರಿ ಹೊಸ ಹುಡುಗಿಗೆ ಫೋನ್ ಮಾಡಿದರು. ಅವಳು ಎತ್ತಲಿಲ್ಲ. 'ಏನು ವಿಷಯ ಅಂತ ಮೆಸೇಜ್ ಮಾಡಿ ಸರ್' ಎಂದು ಬರೆದಳು. ಅವರಿಗೆ ಸಿಟ್ಟು ಬಂತು. ಬೇಕಾಗಿದ್ದದ್ದು ಒಂದು ಫೈಲ್, ಅಷ್ಟೇ. ಅದನ್ನು ಬರೆದು ಕೇಳಬಹುದಿತ್ತಲ್ವಾ ಅಂದೆ. 'ಬರೆದರೆ ಆರ್ಡರ್ ಮಾಡಿದ ಹಾಗಿರುತ್ತೆ, ಮಾತಾಡೋದೇ ಮರ್ಯಾದೆ' ಅಂದರು. ಅವಳು ಹೇಳಿದ್ದು: 'ಫೈಲ್ ನೋಡದೆ ಫೋನಲ್ಲಿ ಏನೋ ಒಂದು ಹೇಳಿದರೆ ಅವರಿಗೆ ಅವಮಾನ ಮಾಡಿದಂತೆ.' ಇಬ್ಬರೂ ಮರ್ಯಾದೆ ಕೊಡಲು ಹೋಗಿ ಜಗಳ ಮಾಡಿಕೊಂಡಿದ್ದರು!

ಇನ್ನು ನಿಯತ್ತಿನ ವಿಷಯ. ಇದರಲ್ಲಿ ನಾನು ಹುಡುಗರ ಪರ. ಹಿರಿಯರು ಸೇರಿದಾಗ ಕಾಯಂ ಕೆಲಸ, ಪಿಂಚಣಿ ಎಂಬ ಭರವಸೆ ಸಿಕ್ಕಿತ್ತು. ಹೊಸಬರ ಕೈಗೆ ನಾವೇ ಕೊಡುವುದು ವರ್ಷದ ಕಾಂಟ್ರಾಕ್ಟ್. ಅದನ್ನು ಕೊಟ್ಟು ಜೀವಮಾನದ ನಿಷ್ಠೆ ಕೇಳಿದರೆ ಹೇಗೆ? ಅಲ್ಲದೆ ವೃತ್ತಿಯ ಮೊದಮೊದಲು ಕೆಲಸ ಬದಲಿಸುವವರು ಯಾವ ಕಾಲದಲ್ಲೂ ಜಾಸ್ತಿಯೇ. ಅದು ವಯಸ್ಸಿನ ಗುಣ. ಇವತ್ತಿನ ಪೀಳಿಗೆ ಮಾತ್ರ ಹೀಗೆ ಅನ್ನುವುದು ಸರಿಯಲ್ಲ.

ಇದು ನನ್ನೊಬ್ಬಳ ಅನಿಸಿಕೆ ಅಂದುಕೊಳ್ಳಬೇಡಿ. ಒಂದೇ ಕಾಲದಲ್ಲಿ ಹುಟ್ಟಿದ ಮಾತ್ರಕ್ಕೆ ಜನ ಒಂದು ಪೀಳಿಗೆ ಆಗೋದಿಲ್ಲ ಎಂದು ಸಮಾಜಶಾಸ್ತ್ರಜ್ಞ ಕಾರ್ಲ್ ಮ್ಯಾನ್‌ಹೈಮ್ 1928ರಲ್ಲೇ ಬರೆದಿದ್ದ. 2020ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗಳ ವರದಿಯೂ ನೌಕರರನ್ನು ಪೀಳಿಗೆಯ ಲೆಕ್ಕದಲ್ಲಿ ವಿಂಗಡಿಸಿ ನಿಭಾಯಿಸುವುದಕ್ಕೆ ಗಟ್ಟಿ ಆಧಾರವಿಲ್ಲ ಎಂದಿತು. ಆದರೂ 'ಯುವಕರನ್ನು ನಿಭಾಯಿಸುವುದು ಹೇಗೆ' ಅನ್ನೋ ಟ್ರೈನಿಂಗ್ ಮಾರುವವರು ಸುಮ್ನೆ ಇರೋದಿಲ್ಲ, ಮೇಲ್ ಕಳಿಸ್ತಾನೇ ಇರ್ತಾರೆ.

ನಾವು ಆ ಟ್ರೈನಿಂಗ್ ತೆಗೆದುಕೊಳ್ಳಲಿಲ್ಲ. ಬದಲಿಗೆ ಪ್ರತಿ ಟೀಮ್ ಕೂತು ಒಂದು ಹಾಳೆ ಬರೆಯುತ್ತದೆ. ಯಾವುದು ನಿಜವಾಗಿ ಅರ್ಜೆಂಟ್, ಎಷ್ಟು ಗಂಟೆಯ ಮೇಲೆ ಫೋನ್ ಬೇಡ, ತಪ್ಪಿದ್ದರೆ ಮೀಟಿಂಗ್‌ನಲ್ಲೇ ಹೇಳಬೇಕಾ, ಆಮೇಲೆ ಪಕ್ಕಕ್ಕೆ ಕರೆದಾ. ಮೊದಲ ಟೀಮ್‌ನಲ್ಲಿ ಹಿರಿಯರು, ಕಿರಿಯರು ಬೇಗ ಒಪ್ಪಿಕೊಂಡರು. ಫೋನ್ ಸಮಯದ ಬಗ್ಗೆ ಕೊನೆವರೆಗೂ ಹಟ ಹಿಡಿದವರು ಹೆಚ್ಚುಕಡಿಮೆ ಒಂದೇ ವಯಸ್ಸಿನ ಇಬ್ಬರು. ಒಬ್ಬರಿಗೆ ಮನೆಯಲ್ಲಿ ಪುಟ್ಟ ಮಗು, ಸಂಜೆ ಬಿಡುವೇ ಇಲ್ಲ. ಇನ್ನೊಬ್ಬರಿಗೆ ಕೆಲಸದ ಹುರುಪು ಹತ್ತೋದೇ ಸಂಜೆ.