ರಾಗಿಯ ತಿಂಡಿ ಲೆಕ್ಕ: ತಿಂಗಳಿಗೆ 300 ರೂಪಾಯಿಯೊಳಗೆ

ಜೂನ್ 1

ಮೇ ತಿಂಗಳಲ್ಲಿ ನಮ್ಮ ನಾಯಿ ರಾಗಿಯ ತಿಂಡಿಗೆ 930 ರೂಪಾಯಿ ಖರ್ಚಾಗಿದೆ. ಊಟದ್ದು ಬೇರೆ, ಇದು ಬರೀ ಟ್ರೀಟ್‌ಗಳ ಬಾಬ್ತು. ಮೆತ್ತನೆಯ ಚಿಕನ್ ಸ್ಟಿಕ್ ಮೂರು ಪ್ಯಾಕೆಟ್ 450, ಹಲ್ಲು ಶುಚಿಯಾಗಲಿ ಅಂತ ಡೆಂಟಲ್ ಸ್ಟಿಕ್ 210, ಚರ್ಮದ ಗಂಟುಮೂಳೆ ಎರಡು 120, ಐದು ರೂಪಾಯಿಯ ಗ್ಲೂಕೋಸ್ ಬಿಸ್ಕತ್ತು ಮೂವತ್ತು ಪ್ಯಾಕೆಟ್ 150. ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುವುದೇ ನನ್ನ ಕೆಲಸ. ಊರಿನವರ ಲೆಕ್ಕವನ್ನೆಲ್ಲ ಪೈಸೆ ಪೈಸೆ ಕೂಡಿಸುವ ನಾನು ನನ್ನ ಮನೆಯ ಈ ಬಾಬ್ತನ್ನು ಇಷ್ಟು ದಿನ ಬರೆದೇ ಇಡಲಿಲ್ಲ.

ರಾಗಿ ಬೀದಿಯಲ್ಲಿ ಹುಟ್ಟಿದ ಹೆಣ್ಣುನಾಯಿ. ನಾಲ್ಕು ವರ್ಷದ ಹಿಂದೆ ದಾವಣಗೆರೆಯ ಒಂದು ಮಳೆಗಾಲದ ರಾತ್ರಿ ನಮ್ಮ ಮೆಟ್ಟಿಲ ಕೆಳಗೆ ಬಂದು ಮುದುಡಿಕೊಂಡಿದ್ದಳು. ಮೈಬಣ್ಣ ಥೇಟ್ ರಾಗಿಹಿಟ್ಟಿನದು. ಅವಳಿಗೆ ಪಟಾಕಿ ಎಂದರೆ ಪ್ರಾಣಭಯ, ಉಗುರು ಕತ್ತರಿಸುವುದೆಂದರೆ ಗಲಾಟೆ. ಇವೆರಡನ್ನೂ ಸರಿಮಾಡಬೇಕಾದರೆ ದಿನಾ ಅಭ್ಯಾಸ ಮಾಡಿಸಬೇಕು, ಅಭ್ಯಾಸಕ್ಕೆ ಟ್ರೀಟ್ ಬೇಕೇ ಬೇಕು. ಹಾಗಾಗಿ ಟ್ರೀಟ್ ನಿಲ್ಲಿಸುವ ಯೋಚನೆ ನನಗಿಲ್ಲ. ಗಣೇಶನ ಹಬ್ಬದೊಳಗೆ ಖರ್ಚು ತಿಂಗಳಿಗೆ 300ಕ್ಕೆ ಇಳಿಯಬೇಕು, ಅವಳ ಹೊಟ್ಟೆಗೆ ಕೆಟ್ಟದ್ದು ಹೋಗಬಾರದು. ಹಿಡಿದ ಕೆಲಸ ಇಷ್ಟು.

ಜೂನ್ 4

ಪಶು ಆಸ್ಪತ್ರೆಯಲ್ಲಿ ತೂಗಿಸಿದೆ. 17.8 ಕೆಜಿ. ಡಾಕ್ಟರು ಅವಳ ಪಕ್ಕೆಯ ಮೇಲೆ ನನ್ನ ಬೆರಳುಗಳನ್ನಿಡಿಸಿ ಪಕ್ಕೆಲುಬು ಹುಡುಕಿ ಎಂದರು. ಒತ್ತಿ ಹುಡುಕಬೇಕಾಯಿತು. ಆಮೇಲೆ ನನ್ನದೇ ಕೈಯಲ್ಲಿ ತೋರಿಸಿಕೊಟ್ಟರು: ಮುಷ್ಟಿ ಕಟ್ಟಿದಾಗ ಬೆರಳ ಗೆಣ್ಣು ಸಿಕ್ಕ ಹಾಗೆ ಪಕ್ಕೆಲುಬು ಸಿಕ್ಕರೆ ನಾಯಿ ಬಡಕಲು, ಕೈ ಚಾಚಿ ಅಂಗೈಯ ಹಿಂಬದಿ ಮುಟ್ಟಿದಾಗ ಮೂಳೆ ತಿಳಿಯುವ ಹಾಗಿದ್ದರೆ ಸರಿ, ಹೆಬ್ಬೆರಳ ಬುಡದ ಮಾಂಸದ ಹಾಗೆ ಮೆತ್ತಗಿದ್ದರೆ ಬೊಜ್ಜು. ರಾಗಿಯದು ಮೂರನೆಯದು. ಅವಳು 16 ಕೆಜಿ ಇರಬೇಕಂತೆ.

ದಿನಕ್ಕೆ ಎಷ್ಟು ಟ್ರೀಟ್ ಕೊಡಬಹುದು ಎಂದು ಕೇಳಿದೆ. ಒಟ್ಟು ಕ್ಯಾಲೊರಿಯಲ್ಲಿ ಹತ್ತನೇ ಒಂದು ಪಾಲು ಮೀರಬಾರದು ಎಂದರು. ಒಟ್ಟು ಎಷ್ಟೆಂದು ತಿಳಿಯುವ ಸೂತ್ರವನ್ನೂ ಚೀಟಿಯ ಹಿಂದೆ ಬರೆದುಕೊಟ್ಟರು: ತೂಕದ 0.75 ಘಾತವನ್ನು 70ರಿಂದ ಗುಣಿಸುವುದು. ಸಾದಾ ಕ್ಯಾಲ್ಕುಲೇಟರಿನಲ್ಲಿ ವರ್ಗಮೂಲದ ಗುಂಡಿಯನ್ನು ಎರಡು ಸಲ ಒತ್ತಿ, ಬಂದದ್ದನ್ನು ಅದರಿಂದಲೇ ಮತ್ತೆರಡು ಸಲ ಗುಣಿಸಿದರೆ ಆಯಿತು. 16ಕ್ಕೆ ಮೊದಲ ಸಲ 4, ಎರಡನೇ ಸಲ 2. ಎರಡೆರಡ್ಲ ನಾಲ್ಕು, ನಾಲ್ಕೆರಡ್ಲ ಎಂಟು. ಎಂಟು ಎಪ್ಪತ್ಲ 560. ಇದು ಸುಮ್ಮನೆ ಮಲಗಿದ್ದರೂ ಮೈಗೆ ಬೇಕಾದ ಶಕ್ತಿ. ಸಂತಾನಹರಣ ಆದ ವಯಸ್ಕ ನಾಯಿಗೆ ಅದರ 1.6 ಪಟ್ಟು, ಅಂದರೆ 896. ಟ್ರೀಟ್‌ಗೆ ಸಿಗುವುದು ಸುಮಾರು 90 ಕಿಲೋಕ್ಯಾಲೊರಿ.

ಮನೆಗೆ ಬಂದು ಗ್ಲೂಕೋಸ್ ಬಿಸ್ಕತ್ತು ತೂಗಿದೆ. ನಾಲ್ಕು ಸೇರಿ 20 ಗ್ರಾಂ. ಈ ಬಗೆಯ ಬಿಸ್ಕತ್ತಿನಲ್ಲಿ 100 ಗ್ರಾಂಗೆ ಸುಮಾರು 450 ಕಿಲೋಕ್ಯಾಲೊರಿ, ತೂಕದಲ್ಲಿ ಕಾಲು ಭಾಗದಷ್ಟು ಸಕ್ಕರೆಯೇ. ನಾಲ್ಕು ಬಿಸ್ಕತ್ತಿಗೇ ದಿನದ ಪಾಲು ಮುಗಿಯುತ್ತದೆ. ನಾನು ಪೂರ್ತಿ ಪ್ಯಾಕೆಟ್ ಹಾಕುತ್ತಿದ್ದೆ. ಬೀದಿಯಲ್ಲಿ ಹಸಿದು ಬಂದ ನಾಯಿಗೆ ಕೈಯಲ್ಲಿದ್ದ ಬಿಸ್ಕತ್ತು ಹಾಕುವವರನ್ನು ಬೇಡ ಎನ್ನುವುದಿಲ್ಲ, ಆ ಹೊತ್ತಿನ ಹಸಿವು ದೊಡ್ಡದು. ಮನೆಯಲ್ಲಿ ಎರಡು ಹೊತ್ತು ಉಂಡಿರುವ ನಾಯಿಗೆ ಮಾತ್ರ ಅದು ಬೇಕಿಲ್ಲ. ಇವತ್ತಿಗೆ ನಿಲ್ಲಿಸಿದೆ.

ಜೂನ್ 9

ಚರ್ಮದ ಗಂಟುಮೂಳೆಯೂ ಪಟ್ಟಿಯಿಂದ ಹೋಯಿತು. ಇದಕ್ಕೆ ಲೆಕ್ಕ ಬೇಕಿರಲಿಲ್ಲ. ಹೋದ ವರ್ಷ ರಾಗಿ ಒಂದು ತುದಿಯನ್ನು ಅಗಿಯದೆ ನುಂಗಿ, ರಾತ್ರಿಯಿಡೀ ಓಕರಿಸಿ, ಬೆಳಗಿನ ಜಾವ ಬೆರಳುದ್ದದ ಬಿಳಿ ಮುದ್ದೆಯನ್ನು ಹೊರಹಾಕಿದ್ದಳು. ಅದು ದನದ ತೊಗಲಿನ ಒಳಪದರ. ಒಣಗಿದ್ದಾಗ ಕಟ್ಟಿಗೆಯಂತಿರುತ್ತದೆ, ನೀರು ಕುಡಿದರೆ ಉಬ್ಬುತ್ತದೆ. ಕರುಳಿನಲ್ಲಿ ಸಿಕ್ಕಿಕೊಂಡರೆ ಆಪರೇಷನ್ನೇ ಗತಿ. ಅರವತ್ತು ರೂಪಾಯಿಗೆ ಸಿಗುತ್ತದೆಂದು ಮತ್ತೆ ತಂದದ್ದು ನನ್ನದೇ ತಪ್ಪು.

ಹಿಮಾಲಯದ ಕಡೆಯ ಚುರ್ಪಿಯನ್ನೂ ನೋಡಿ ಬಂದೆ. ಚಮರೀಮೃಗದ ಹಾಲು, ಹಸುವಿನ ಹಾಲು ಒಡೆಸಿ, ಒತ್ತಿ, ತಿಂಗಳುಗಟ್ಟಲೆ ಒಣಗಿಸಿದ ಚೀಸ್. ಪದಾರ್ಥಗಳ ಪಟ್ಟಿ ಇಷ್ಟು ಚಿಕ್ಕದಿರುವ ಟ್ರೀಟ್ ಇನ್ನೊಂದು ಸಿಗಲಿಕ್ಕಿಲ್ಲ. ಆದರೆ ಉಗುರು ಊರಿದರೆ ಗೀರು ಕೂಡ ಬೀಳಲಿಲ್ಲ. ಉಗುರಿಗೆ ಬಗ್ಗದ್ದನ್ನು ಹಲ್ಲಿಗೆ ಕೊಡಬೇಡಿ, ಮೇಲಿನ ದೊಡ್ಡ ದವಡೆಹಲ್ಲು ಸೀಳಿ ಹೋಗುತ್ತದೆ ಎಂದು ಡಾಕ್ಟರು ಹೇಳಿದ್ದರು. ರಾಗಿ ಸಮಾಧಾನವಾಗಿ ನೆಕ್ಕುವವಳಲ್ಲ, ಒಂದೇ ಸಲ ಕಚ್ಚಿ ಮುರಿಯುವವಳು. ತರಲಿಲ್ಲ.

ಜೂನ್ 15

ಎರಡು ಭಾನುವಾರ ಮೂರು ಅಂಗಡಿ ಸುತ್ತಿ ಡಬ್ಬಗಳ ಬೆನ್ನು ಓದಿದೆ. ಅಂಗಡಿಯವರು ಬೇಸರಿಸಿಕೊಳ್ಳಲಿಲ್ಲ, ಕುರ್ಚಿ ಹಾಕಿಕೊಟ್ಟರು.

ಬೆಲೆ ಹೋಲಿಸಲು ಎಂಆರ್‌ಪಿ ನೋಡಿ ಪ್ರಯೋಜನವಿಲ್ಲ. ಒಂದು 70 ಗ್ರಾಂ, ಒಂದು 100, ಇನ್ನೊಂದು 900. ಎಂಆರ್‌ಪಿಯ ಪಕ್ಕದಲ್ಲೇ ಸಣ್ಣ ಅಕ್ಷರದಲ್ಲಿ ಯುಎಸ್‌ಪಿ ಎಂದು ಇನ್ನೊಂದು ಅಂಕಿ ಇರುತ್ತದೆ. ಯೂನಿಟ್ ಸೇಲ್ ಪ್ರೈಸ್, ಅಂದರೆ ಗ್ರಾಂಗೆ ಎಷ್ಟು ಎಂಬುದು. ಕೆಲವು ವರ್ಷಗಳಿಂದ ಇದನ್ನು ಪೊಟ್ಟಣದ ಮೇಲೆ ಹಾಕಬೇಕೆಂಬ ನಿಯಮವಿದೆ. ದಿನಸಿ ಕೊಳ್ಳುವಾಗಲೂ ನಾನು ಇದನ್ನು ಗಮನಿಸಿರಲಿಲ್ಲ. ನಾನು ತರುತ್ತಿದ್ದ ಚಿಕನ್ ಸ್ಟಿಕ್ ಗ್ರಾಂಗೆ 1 ರೂಪಾಯಿ 50 ಪೈಸೆ. ನಾಯಿ ಬಿಸ್ಕತ್ತಿನ 900 ಗ್ರಾಂ ಡಬ್ಬ 240 ರೂಪಾಯಿ, ಗ್ರಾಂಗೆ 27 ಪೈಸೆ.

ಸ್ಟಿಕ್‌ನ ಪೊಟ್ಟಣದಲ್ಲಿ ತೇವಾಂಶ 25 ಪರ್ಸೆಂಟ್ ಎಂದಿದೆ. ನೂರು ಗ್ರಾಂನಲ್ಲಿ ಕಾಲು ಭಾಗ ನೀರೇ, ಒಣ ಸರಕಿನ ಲೆಕ್ಕಕ್ಕೆ ಗ್ರಾಂಗೆ ಎರಡು ರೂಪಾಯಿ ಬಿತ್ತು. ಅದು ಮೆತ್ತಗೆ ಇರಲು ಗ್ಲಿಸರಿನ್ ಹಾಕುತ್ತಾರೆ, ಕೆಲವರು ಪ್ರೊಪಿಲೀನ್ ಗ್ಲೈಕಾಲ್ ಹಾಕುತ್ತಾರೆ. ಎರಡನೆಯದಕ್ಕೆ ನಾಯಿಗಳ ಮಟ್ಟಿಗೆ ಅಡ್ಡಿಯಿಲ್ಲ, ಆದರೆ ಅಮೆರಿಕದಲ್ಲಿ ಬೆಕ್ಕಿನ ಆಹಾರಕ್ಕೆ ಅದನ್ನು ನಿಷೇಧಿಸಿದ್ದಾರೆ. ಮನೆಯಲ್ಲಿ ಬೆಕ್ಕೂ ಇದ್ದವರು ನಾಯಿಯ ಪೊಟ್ಟಣ ಬೆಕ್ಕಿಗೆ ಸಿಗದ ಹಾಗೆ ಇಡಿ.

ಇನ್ನೊಂದು ವಿಷಯ ತಿಳಿದದ್ದು: ನಮ್ಮ ತಿಂಡಿಯ ಪೊಟ್ಟಣದ ಹಿಂದಿರುವ ಆಹಾರ ಸುರಕ್ಷತೆಯ 2006ರ ಕಾಯ್ದೆ ಮನುಷ್ಯರು ತಿನ್ನುವ ಆಹಾರಕ್ಕೆ, ಪಶು ಆಹಾರ ಅದರ ವ್ಯಾಖ್ಯೆಯ ಹೊರಗಿದೆ. ನಾಯಿ ಬೆಕ್ಕಿನ ಆಹಾರಕ್ಕೆ ಭಾರತೀಯ ಮಾನಕ ಬ್ಯೂರೋ ಐಎಸ್ 11968 ಎಂಬ ಮಾನದಂಡ ಮಾಡಿದೆ. ನಾನು ಕೈಗೆತ್ತಿಕೊಂಡ ಒಂದು ಡಬ್ಬದ ಮೇಲೂ ಐಎಸ್‌ಐ ಗುರುತು ಕಾಣಲಿಲ್ಲ. ಹಾಗಾಗಿ ಓದುವ ಕೆಲಸ ಪೂರ್ತಿ ನಮ್ಮ ಮೇಲೇ ಬಿದ್ದಿದೆ. ಪದಾರ್ಥಗಳ ಪಟ್ಟಿ, ತಯಾರಿಕೆಯ ತಾರೀಖು, ತಯಾರಕರ ವಿಳಾಸ, ಈ ಮೂರೂ ಇಲ್ಲದ್ದನ್ನು ಕೆಳಗಿಟ್ಟೆ.

ಜೂನ್ 22

ಮಾಡಬಾರದ್ದನ್ನು ಮಾಡಿದೆ. ಒಂದು ಅಂಗಡಿಯಲ್ಲಿ ಚೀಲದಿಂದ ತೂಗಿ ಕೊಡುವ ಲೂಸ್ ಬಿಸ್ಕತ್ತು ಕೆಜಿಗೆ 160 ಎಂದರು. “ಅಕ್ಕಾ, ಇದೂ ಅದೇ ಮಾಲು, ಡಬ್ಬದ ದುಡ್ಡು ಯಾಕೆ ಕೊಡ್ತೀರಿ?” ಎಂದರು. ಗ್ರಾಂಗೆ 16 ಪೈಸೆ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿ ಅರ್ಧ ಕೆಜಿ ಕಟ್ಟಿಸಿಕೊಂಡೆ. ನಾನೇ ಹಾಕಿಕೊಂಡ ಮೂರು ಕಟ್ಟಳೆಯೂ ಮರೆತುಹೋಯಿತು. ಮನೆಯಲ್ಲಿ ಒಂದು ಮುರಿದು ಮೂಸಿದರೆ ಹಳೆ ಎಣ್ಣೆಯ ಕಮಟು. ಅಷ್ಟರಲ್ಲಿ ರಾಗಿ ಮೂರು ತಿಂದಾಗಿತ್ತು. ಎರಡು ದಿನ ಭೇದಿ. ಮೊಸರನ್ನ ಹಾಕಿ ಸುಧಾರಿಸಿಕೊಂಡೆವು. ಉಳಿದದ್ದನ್ನು ಯಾವ ನಾಯಿಗೂ ಹಾಕದೆ ಕಸಕ್ಕೆ ಹಾಕಿದೆ. ಡಬ್ಬದ್ದಕ್ಕೂ ಇದಕ್ಕೂ ವ್ಯತ್ಯಾಸ ಗ್ರಾಂಗೆ ಹನ್ನೊಂದು ಪೈಸೆ. ಆ ಹನ್ನೊಂದು ಪೈಸೆಗೆ ಅವಳು ಅನುಭವಿಸಿದ್ದು ಹೆಚ್ಚಾಯಿತು.

ಜೂನ್ 29

240ರ ಡಬ್ಬ ಬಂತು. ಕ್ಯಾಲೊರಿ ಎಷ್ಟೆಂದು ಬರೆದಿಲ್ಲ, ಆದರೆ ಉಳಿದ ಅಂಕಿಗಳಿಂದ ತೆಗೆಯಬಹುದು. ಪ್ರೋಟೀನ್ 10, ಕೊಬ್ಬು 3, ನಾರು 4, ತೇವಾಂಶ 10. ಬೂದಿಯ ಅಂಶ 5 ಎಂದು ಹಿಡಿದರೆ ಉಳಿಯುವ 68 ಪಿಷ್ಟ. ಪ್ರೋಟೀನ್ ಮತ್ತು ಪಿಷ್ಟ ಗ್ರಾಂಗೆ 3.5, ಕೊಬ್ಬು 8.5 ಕಿಲೋಕ್ಯಾಲೊರಿ. ಕೂಡಿಸಿದರೆ 100 ಗ್ರಾಂಗೆ 300ರ ಹತ್ತಿರ. ಒಂದು ಬಿಸ್ಕತ್ತು 6 ಗ್ರಾಂ, 18 ಕಿಲೋಕ್ಯಾಲೊರಿ.

ಈಗ ಮುಖ್ಯವಾದದ್ದು. ಒಂದು ಬಿಸ್ಕತ್ತನ್ನು ಚಪಾತಿ ಮಣೆಯ ಮೇಲಿಟ್ಟು ಲಟ್ಟಣಿಗೆಯ ತುದಿಯಿಂದ ಮೆಲ್ಲಗೆ ಕುಟ್ಟಿದರೆ ಆರು ಚೂರಾಗುತ್ತದೆ. ಒಂದೊಂದು ಚೂರು 1 ಗ್ರಾಂ, 3 ಕಿಲೋಕ್ಯಾಲೊರಿ, 27 ಪೈಸೆ. “ಕೂತ್ಕೋ” ಎಂದಾಗ ಕೂತ ರಾಗಿಗೆ ಒಂದು ಚೂರು ಕೊಟ್ಟೆ. ಇನ್ನೊಂದು ಸಲಕ್ಕೆ ಇಡೀ ಬಿಸ್ಕತ್ತು ಕೊಟ್ಟೆ. ಕೂರುವ ಚುರುಕಿನಲ್ಲಾಗಲಿ, ಬಾಲ ಆಡಿಸುವುದರಲ್ಲಾಗಲಿ ಏನೂ ವ್ಯತ್ಯಾಸವಿಲ್ಲ. ಇಡೀ ಬಿಸ್ಕತ್ತಿಗೆ ಅಗಿಯುತ್ತ ಅರ್ಧ ನಿಮಿಷ ಹೋಯಿತು, ಅಷ್ಟರಲ್ಲಿ ಯಾಕೆ ಸಿಕ್ಕಿತೆಂಬುದನ್ನೇ ಮರೆತಳು. ಚೂರಾದರೆ ನುಂಗಿ ತಕ್ಷಣ ನನ್ನ ಮುಖ ನೋಡುತ್ತಾಳೆ. ಅವಳು ಎಣಿಸುವುದು ಎಷ್ಟು ಸಲ ಸಿಕ್ಕಿತು ಎಂಬುದನ್ನು, ಎಷ್ಟು ದೊಡ್ಡದು ಎಂಬುದನ್ನಲ್ಲ. ಇಷ್ಟು ವರ್ಷ ಪೊಟ್ಟಣದ ಬೆಲೆ ಲೆಕ್ಕ ಹಾಕುತ್ತಿದ್ದೆ, ಹಾಕಬೇಕಿದ್ದದ್ದು ಒಂದು ಶಹಬ್ಬಾಸಿನ ಬೆಲೆ.

ಅವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. “ಅಲ್ಲವ್ವಾ, ನಾಯಿಗೆ ಹಾಕೋ ಬಿಸ್ಕತ್ತಿಗೂ ತಕ್ಕಡಿ ಹಿಡೀತಿಯಲ್ಲ?” ಎಂದಳು. ಆಮೇಲೆ ತಾನೇ ಕೂತು ಒಂದು ದಿನದ್ದನ್ನೆಲ್ಲ ಒಡೆದು ಹಳೇ ಉಪ್ಪಿನಕಾಯಿ ಬಾಟಲಿಗೆ ತುಂಬಿಕೊಟ್ಟಳು.

ಜುಲೈ 6

ದುಬಾರಿಯದು ರುಚಿ ಹೆಚ್ಚೇ ಎಂದು ಪರೀಕ್ಷೆ. ಎರಡು ಮುಷ್ಟಿ ಮುಚ್ಚಿ ಮುಂದೆ ಹಿಡಿಯುವುದು, ಒಂದರಲ್ಲಿ 240ರ ಡಬ್ಬದ ಬಿಸ್ಕತ್ತು, ಇನ್ನೊಂದರಲ್ಲಿ ಗೆಳತಿ ಕೊಟ್ಟ 520ರ ಡಬ್ಬದ್ದು. ಮೊದಲ ನಾಲ್ಕು ಸಲವೂ ನನ್ನ ಬಲಗೈಗೇ ಮೂಗು ಒತ್ತಿದಳು. ಟ್ರೀಟ್ ಯಾವಾಗಲೂ ಬಲಗೈಯಿಂದ ಕೊಟ್ಟು ರೂಢಿ. ಕೈ ಅದಲು ಬದಲು ಮಾಡುತ್ತ ಮತ್ತೆ ಮೊದಲಿಂದ ಹತ್ತು ಸಲ ಮಾಡಿದೆ. ಐದು, ಐದು. ಚಿಕನ್ ಸ್ಟಿಕ್‌ಗೂ ಬಿಸ್ಕತ್ತಿಗೂ ಹಚ್ಚಿದಾಗ ಹತ್ತರಲ್ಲಿ ಒಂಬತ್ತು ಸಲ ಸ್ಟಿಕ್. ಹಾಗಾಗಿ ಸ್ಟಿಕ್ ಬಿಡುವುದಿಲ್ಲ, ಕಷ್ಟದ ಕೆಲಸಕ್ಕೆ ಮಾತ್ರ ಇಡುತ್ತೇನೆ. ಕತ್ತರಿಯಿಂದ ಅರ್ಧ ಗ್ರಾಂ ಚೂರು ಮಾಡಿ, ವಾರದ್ದನ್ನು ಹೊರಗಿಟ್ಟು ಉಳಿದದ್ದನ್ನು ಫ್ರೀಜರಿಗೆ ಹಾಕಿದೆ. ಒಂದು ಉಗುರಿಗೆ ಒಂದು ಚೂರು.

ಡೆಂಟಲ್ ಸ್ಟಿಕ್ ಒಂದರಲ್ಲೇ ದಿನದ ಪಾಲಿನ ಬಹುಭಾಗ ಮುಗಿಯುತ್ತದೆ. ಹಲ್ಲಿನ ಟ್ರೀಟ್ ಬೇಕೆನ್ನುವವರು ಅಮೆರಿಕದ ವಿಒಎಚ್‌ಸಿ (ಪ್ರಾಣಿಗಳ ಹಲ್ಲಿನ ಆರೋಗ್ಯದ ಪಶುವೈದ್ಯ ಮಂಡಳಿ) ಮುದ್ರೆ ಇರುವುದನ್ನು ನೋಡಿ. ನಾನು ನಾಯಿಯ ಪೇಸ್ಟ್ ತಂದು ಬ್ರಷ್ ಶುರುಮಾಡಿದ್ದೇನೆ. ಮನುಷ್ಯರ ಪೇಸ್ಟ್ ಹಾಕಬಾರದು, ನಾಯಿಗಳು ಉಗುಳುವುದಿಲ್ಲ, ನುಂಗಿಬಿಡುತ್ತವೆ.

ಜುಲೈ 20

ದಾವಣಗೆರೆಯಲ್ಲಿದ್ದು ಮಂಡಕ್ಕಿ ನೆನಪಾಗಲು ಇಷ್ಟು ದಿನ ಬೇಕಾಯಿತು! ಭಟ್ಟಿಯ ಕಡೆಯಿಂದ ಉಪ್ಪು ಕಮ್ಮಿ ಇರುವುದನ್ನು ಕೇಳಿ ತಂದೆ. ಒಂದು ಹಿಡಿ ತೂಗಿದರೆ 5 ಗ್ರಾಂ, 20 ಕಿಲೋಕ್ಯಾಲೊರಿಯೂ ಇಲ್ಲ, ಆದರೆ ನೂರಾರು ಕಾಳು. ಹಳೇ ಕಾಲೊರೆಸುವ ಮ್ಯಾಟಿನ ಎಳೆಗಳ ನಡುವೆ ಉದುರಿಸಿದರೆ ಹದಿನೈದು ನಿಮಿಷ ಮೂಸಿ ಮೂಸಿ ಹುಡುಕುತ್ತಾಳೆ, ಆಮೇಲೆ ಸುಸ್ತಾಗಿ ಮಲಗುತ್ತಾಳೆ.

ಬರೀ ಮಂಡಕ್ಕಿಗೆ ವಾಸನೆ ಇಲ್ಲ, ಮೊದಲ ದಿನ ಮೂತಿ ತಿರುಗಿಸಿದಳು. ಡಬ್ಬದಲ್ಲಿ ಎರಡು ಚೂರು ಚಿಕನ್ ಸ್ಟಿಕ್ ಜೊತೆ ರಾತ್ರಿ ಮುಚ್ಚಿಟ್ಟರೆ ಬೆಳಿಗ್ಗೆ ಮಂಡಕ್ಕಿಗೂ ಅದೇ ವಾಸನೆ. ಒಂದೇ ತೊಂದರೆ, ಸ್ಟಿಕ್‌ನ ತೇವಕ್ಕೆ ಮಂಡಕ್ಕಿ ಮೆತ್ತಗಾಗುತ್ತದೆ, ಎರಡನೇ ದಿನಕ್ಕೆ ಉಳಿಸಿದರೆ ಮುಗ್ಗಲು. ಹಾಗಾಗಿ ಆಯಾ ದಿನದ ಒಂದೇ ಹಿಡಿ.

ಪುಟಾಣಿಯೂ ಅಗ್ಗ, ಪ್ರೋಟೀನೂ ಇದೆ. ಆದರೆ ಒಂದು ಹಿಡಿಗೆ ರಾತ್ರಿ ಹೊಟ್ಟೆ ಗುಡುಗುಟ್ಟಿತು, ಈಗ ಐದಾರು ಕಾಳು ಮಾತ್ರ. ಒಣಮೀನು ಉಪ್ಪಿನಿಂದಾಗಿ ಬೇಡವೆಂದೆ. ಕಡಲೆಕಾಯಿ ಬೆಣ್ಣೆ ತರುವವರು ದಯವಿಟ್ಟು ಪದಾರ್ಥಗಳ ಪಟ್ಟಿ ನೋಡಿ. ಶುಗರ್‌ಫ್ರೀ ಎಂದಿರುವ ಕೆಲವದರಲ್ಲಿ ಸಕ್ಕರೆಯ ಬದಲಿಗೆ ಜೈಲಿಟಾಲ್ ಎಂಬ ಸಿಹಿ ಪದಾರ್ಥ ಇರುತ್ತದೆ. ಅದು ಸ್ವಲ್ಪವೇ ಹೊಟ್ಟೆಗೆ ಹೋದರೂ ನಾಯಿಯ ರಕ್ತದ ಸಕ್ಕರೆ ಗಂಟೆಯೊಳಗೆ ಕುಸಿಯಬಹುದು. ಬೇಕರಿಯ ಬನ್ನಿನಲ್ಲಿ ಅಡಗಿರುವ ಒಣದ್ರಾಕ್ಷಿಯೂ ಅಷ್ಟೇ ಅಪಾಯ, ಅದು ಕಿಡ್ನಿಗೆ ಹೊಡೆಯುತ್ತದೆ.

ಆಗಸ್ಟ್ 10

ಜುಲೈ ಲೆಕ್ಕ. ಬಿಸ್ಕತ್ತು ದಿನಕ್ಕೆ 20 ಗ್ರಾಂನಂತೆ ಡಬ್ಬ 45 ದಿನ ಬರುತ್ತದೆ, ತಿಂಗಳಿಗೆ 160. ಸ್ಟಿಕ್ ಒಂದು ಪ್ಯಾಕೆಟ್ ಎರಡು ತಿಂಗಳಿಗೆ, 75. ಮಂಡಕ್ಕಿ 20. ಒಟ್ಟು 255. ದಿನಕ್ಕೆ 85 ಕಿಲೋಕ್ಯಾಲೊರಿಯ ಹತ್ತಿರ.

ತೂಕ 17.1. ಡಾಕ್ಟರು ಹೇಳಿದ ಅಂಗೈಯ ಹಿಂಬದಿಯ ಹದಕ್ಕೆ ಇನ್ನೂ ಬಂದಿಲ್ಲ, ಆದರೆ ಒತ್ತದೆಯೇ ಪಕ್ಕೆಲುಬು ಸಿಗುತ್ತಿದೆ.

ಮಳೆಗೆ ಡಬ್ಬದ ಬಿಸ್ಕತ್ತು ಸ್ವಲ್ಪ ಮೆತ್ತಗಾಗಿದೆ. ವಾರಕ್ಕೆ ಬೇಕಾದಷ್ಟನ್ನು ಮಾತ್ರ ಹೊರಗಿಟ್ಟು ಡಬ್ಬ ತೆರೆಯುವುದನ್ನು ಕಡಿಮೆ ಮಾಡಿದೆ. ಬೂಷ್ಟು ಕಂಡರೆ ಬಿಸಿಲಿಗೆ ಹಾಕಿ ಉಳಿಸುವ ಯೋಚನೆ ಬೇಡ.

ದಿನಾ ಸಂಜೆ ಮೊಬೈಲಿನಲ್ಲಿ ಪಟಾಕಿ ಸದ್ದು, ಅವಳ ಕಿವಿ ಮಾತ್ರ ನಿಮಿರುವಷ್ಟು ಸಣ್ಣಗೆ. ಸದ್ದಾದ ಕೂಡಲೇ ಒಂದು ಚೂರು ಸ್ಟಿಕ್. ಚೂರನ್ನು ಬಿಟ್ಟುಬಿಟ್ಟರೆ ಸದ್ದು ಜಾಸ್ತಿಯಾಗಿದೆ ಎಂದು ಅರ್ಥ. ಹೆದರಿಕೆ ಮೀರಿದರೆ ನಾಯಿ ಎಂಥ ತಿಂಡಿಯನ್ನೂ ಮುಟ್ಟುವುದಿಲ್ಲ.

ಸೆಪ್ಟೆಂಬರ್ 7

ಗಣಪತಿ ಬಿಡುವ ಮೆರವಣಿಗೆ ನಿನ್ನೆ ನಮ್ಮ ಬೀದಿಯಲ್ಲೇ ಬಂತು. ಕಿಟಕಿ ಮುಚ್ಚಿ, ಫ್ಯಾನ್ ಜೋರು ಮಾಡಿ, ಒಳಕೋಣೆಯ ಮಂಚದ ಕೆಳಗೆ ಅವಳ ಜಮಖಾನ ಹಾಸಿ, ನಾನೂ ನೆಲಕ್ಕೆ ಒರಗಿಕೊಂಡೆ. ಡೊಳ್ಳಿಗೆ ಹೆದರಲಿಲ್ಲ. ಮೊದಲ ಸರಪಟಾಕಿಗೆ ಮೈ ನಡುಗಿತು, ಮೂಗಿನ ಮುಂದೆ ಹಿಡಿದ ಚೂರನ್ನು ಕಣ್ಣೆತ್ತಿಯೂ ನೋಡಲಿಲ್ಲ. ಎರಡನೆಯದಕ್ಕೂ ಇಲ್ಲ. ಕೈ ಹಾಗೆಯೇ ಚಾಚಿಟ್ಟಿದ್ದೆ. ಮೂರನೆಯದು ಸಿಡಿದು ಸ್ವಲ್ಪ ಹೊತ್ತಿಗೆ ಬೆಚ್ಚನೆಯ ಉಸಿರು ಅಂಗೈಗೆ ತಾಕಿತು, ಚೂರು ಹೋಯಿತು. ಮೆರವಣಿಗೆ ತಿರುವು ದಾಟುವಷ್ಟರಲ್ಲಿ ಹನ್ನೊಂದು ಚೂರು ತಿಂದಿದ್ದಳು. ಹೋದ ವರ್ಷ ಮಾರನೇ ದಿನ ಮಧ್ಯಾಹ್ನದವರೆಗೂ ನೀರು ಮುಟ್ಟಿರಲಿಲ್ಲ.

ಇವತ್ತು ಬೆಳಿಗ್ಗೆ 16.9 ಕೆಜಿ. ಫ್ರೀಜರಿನಲ್ಲಿ ಸ್ಟಿಕ್ 38 ಗ್ರಾಂ ಉಳಿದಿದೆ. ದೀಪಾವಳಿಗೆ ಆರು ವಾರ, ಅದಕ್ಕೆ ಇನ್ನೊಂದು ಪ್ಯಾಕೆಟ್ ಈ ತಿಂಗಳೇ ತರಬೇಕು.