ಸ್ಟ್ರಟ್ ಬಾರ್ ಆಮೇಲೆ, ಮೊದಲು ಕ್ಯಾಂಬರ್

ಪುಣೆಯಲ್ಲಿ ಕಾರಿನ ಹ್ಯಾಂಡ್ಲಿಂಗ್ ಸುಧಾರಿಸಬೇಕು ಅಂತ ಹೊರಟವರು ಮೊದಲು ಕೊಳ್ಳುವುದು ಸ್ಟ್ರಟ್ ಬಾರ್, ಅಂದರೆ ಮುಂದಿನ ಎರಡೂ ಸಸ್ಪೆನ್ಷನ್‌ಗಳ ಮೇಲ್ತುದಿ ಜೋಡಿಸುವ ಅಡ್ಡಕಂಬಿ. ಬಾನೆಟ್ ಎತ್ತಿದರೆ ಎದ್ದು ಕಾಣುತ್ತದೆ, ಹಾಕಲು ಅರ್ಧ ಗಂಟೆ ಸಾಕು, ಕೆಂಪು ಬಣ್ಣದ್ದಾದರೆ ಫೋಟೊಗೂ ಚೆಂದ. ಆದರೆ ಸ್ವಲ್ಪ ಲೆಕ್ಕ ಹಾಕಿ. ಸ್ವಿಫ್ಟ್ ಇರಲಿ, ಪೋಲೊ ಜಿಟಿ ಇರಲಿ, ಆಕ್ಟೇವಿಯಾ ಆರ್‌ಎಸ್ ಇರಲಿ, ಮುಂದೆ ಇರುವುದು ಮ್ಯಾಕ್‌ಫರ್ಸನ್ ಸ್ಟ್ರಟ್ಟೇ (ಸ್ಪ್ರಿಂಗ್, ಡ್ಯಾಂಪರ್ ಎರಡೂ ಒಂದೇ ಕಂಬದಲ್ಲಿರುವ ಸಸ್ಪೆನ್ಷನ್). ತಿರುವಿನಲ್ಲಿ ಬಾಡಿ 3 ಡಿಗ್ರಿ ವಾಲಿದರೆ ಹೊರಗಿನ ಚಕ್ರವೂ ಅದರ ಜೊತೆಗೇ ವಾಲುತ್ತದೆ. ಸ್ಟ್ರಟ್ ಒತ್ತಿಕೊಂಡಾಗ ವಾಪಸ್ ಸಿಗುವ ಚೂರುಪಾರು ಕ್ಯಾಂಬರ್ (ಎದುರಿನಿಂದ ನೋಡಿದಾಗ ಚಕ್ರ ವಾಲಿರುವ ಕೋನ, ಮೇಲ್ತುದಿ ಒಳಕ್ಕೆ ವಾಲಿದ್ದರೆ ಮೈನಸ್) ಕಳೆದರೂ ಹೆಚ್ಚುಕಡಿಮೆ 2 ಡಿಗ್ರಿ ನಷ್ಟ. ಅದೇ ತಿರುವಿನಲ್ಲಿ ಸ್ಟ್ರಟ್ಟಿನ ಮೇಲ್ತುದಿ ಕೂರುವ ಬಾಡಿಯ ಭಾಗ, ಅಂದರೆ ಸ್ಟ್ರಟ್ ಟವರ್, 1 ಮಿ.ಮೀ. ಅಲುಗಿತು ಅನ್ನಿ. ಚಕ್ರದ ಬಳಿ ಕೆಳಗಿನ ಕೀಲಾದ ಬಾಲ್ ಜಾಯಿಂಟ್‌ನಿಂದ ಟವರ್‌ವರೆಗೆ 600 ಮಿ.ಮೀ. ಎಂದಿಟ್ಟುಕೊಂಡರೆ ಕ್ಯಾಂಬರ್ ಬದಲಾಗುವುದು ಬರೀ 6 ನಿಮಿಷ. ಇದು ಕೋನದ ನಿಮಿಷ, ಡಿಗ್ರಿಗೆ 60. ಅಂದರೆ ಬಾರ್ ಉಳಿಸಿಕೊಡುವುದು ಡಿಗ್ರಿಯ ಹತ್ತನೇ ಒಂದು ಭಾಗ. ವೀಲ್ ಅಲೈನ್‌ಮೆಂಟ್‌ನಲ್ಲಿ ಸಿಗುವುದು ಒಂದೂವರೆ ಡಿಗ್ರಿ. ದುಡ್ಡು ಯಾವುದಕ್ಕೆ ಮೊದಲು ಹಾಕಬೇಕು ಅನ್ನುವುದು ಇಲ್ಲೇ ತೀರ್ಮಾನವಾಯಿತು.

ಅಲೈನ್‌ಮೆಂಟ್‌ಗೆ ಮುಂಚೆ ಕಾರನ್ನು ಎತ್ತಿ ಚಕ್ರ ಅಲ್ಲಾಡಿಸಿ ನೋಡಿ. ಗಡಿಯಾರದ 12 ಮತ್ತು 6ರ ಜಾಗ ಹಿಡಿದು ಅಲ್ಲಾಡಿಸಿದಾಗ ಸಡಿಲ ಅನಿಸಿದರೆ ಬಾಲ್ ಜಾಯಿಂಟ್ ಅಥವಾ ಬೇರಿಂಗ್, 9 ಮತ್ತು 3ರಲ್ಲಿ ಸಡಿಲ ಅನಿಸಿದರೆ ಸ್ಟಿಯರಿಂಗ್‌ನಿಂದ ಚಕ್ರಕ್ಕೆ ಹೋಗುವ ಟೈ ರಾಡ್. ಚಕ್ರವನ್ನು ಕೆಳಗಿನಿಂದ ಹಿಡಿದಿರುವ ಲೋವರ್ ಆರ್ಮ್‌ನ ಹಿಂದಿನ ಬುಷ್ (ರಬ್ಬರ್ ಕೀಲು) ಬಿರುಕು ಬಿಟ್ಟಿದ್ದರೆ ಬ್ರೇಕ್ ಒತ್ತಿದಾಗಲೆಲ್ಲ ಟೋ (ಮೇಲಿನಿಂದ ನೋಡಿದಾಗ ಚಕ್ರದ ಮುಂದಿನ ಅಂಚು ಒಳಕ್ಕೆ ಇಲ್ಲವೇ ಹೊರಕ್ಕೆ ತಿರುಗಿರುವ ಕೋನ; ಒಳಕ್ಕಾದರೆ ಟೋ-ಇನ್, ಹೊರಕ್ಕಾದರೆ ಟೋ-ಔಟ್) ಬದಲಾಗುತ್ತದೆ. ಆಗ ಮಷೀನಿನ ಅಂಕಿಗೆ ಅರ್ಥವಿಲ್ಲ. ಹೊಸ ಬುಷ್ ಹಾಕಿದಾಗ ಅದರ ಬೋಲ್ಟನ್ನು ಕಾರು ಲಿಫ್ಟ್‌ನಲ್ಲಿ ನೇತಾಡುತ್ತಿರುವಾಗ ಕೊನೆಯ ಬಿಗಿ ಕೊಡಬಾರದು. ಚಕ್ರ ನೆಲಕ್ಕೆ ಊರಿ, ಭಾರ ಬಿದ್ದ ಮೇಲೆಯೇ ಬಿಗಿಯಬೇಕು. ಇಲ್ಲದಿದ್ದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ, ಕಾರೂ ಒಂದಿಷ್ಟು ಎತ್ತರಕ್ಕೆ ನಿಲ್ಲುತ್ತದೆ. ಎಷ್ಟೋ ಗ್ಯಾರೇಜುಗಳಲ್ಲಿ ಆಗುವುದು ಇದೇ.

ಟೈರ್ ಗಾಳಿ ಸಮ ಮಾಡಿ, ಡಿಕ್ಕಿಯ ಸಾಮಾನು ತೆಗೆದು, ಡ್ರೈವರ್ ಸೀಟಿನಲ್ಲಿ ನಿಮ್ಮ ತೂಕದಷ್ಟು ಭಾರ ಇಡಿ. ಅಂಗಡಿಯಲ್ಲೇ ಯಾರಾದರೂ ಕೂತರೂ ಆದೀತು. ಕೆಲಸದ ಕ್ರಮ ಹೀಗೆ: ಮೊದಲು ಹಿಂದಿನ ಚಕ್ರ, ಆಮೇಲೆ ಮುಂದಿನ ಕ್ಯಾಂಬರ್, ಕೊನೆಗೆ ಮುಂದಿನ ಟೋ. ಕ್ಯಾಂಬರ್ ಮುಟ್ಟಿದರೆ ಟೋ ಕೆಟ್ಟೇ ಕೆಡುತ್ತದೆ, ಹಾಗಾಗಿ ಟೋ ಕಡೆಗೆ.

ಪುಣೆಯಿಂದ ಊರ ಕಡೆ, ಬೆಳಗಾವಿ ಹುಬ್ಬಳ್ಳಿಗೆ, ಎನ್‌ಎಚ್ 48ರಲ್ಲಿ ಓಡಾಡುತ್ತ, ವಾರಾಂತ್ಯಕ್ಕೆ ತಾಮ್ಹಿಣಿ ಘಾಟಿಗೋ ಗೋವಾ ದಾರಿಯ ಚೋರ್ಲಾ ಘಾಟಿಗೋ ಹೋಗುವ ಕಾರಿಗೆ ನನ್ನ ಲೆಕ್ಕ: ಮುಂದೆ ಕ್ಯಾಂಬರ್ ಮೈನಸ್ 1 ಡಿಗ್ರಿ 30 ನಿಮಿಷ, ಎಡಬಲ ವ್ಯತ್ಯಾಸ 15 ನಿಮಿಷದೊಳಗೆ, ಟೋ ಸೊನ್ನೆ. ಹಿಂದೆ ಮಲ್ಟಿಲಿಂಕ್ (ಪ್ರತಿ ಚಕ್ರಕ್ಕೂ ಹಲವು ಆರ್ಮ್‌ಗಳಿರುವ ಸಸ್ಪೆನ್ಷನ್) ಇದ್ದರೆ ಎರಡೂ ಚಕ್ರ ಸೇರಿ 10ರಿಂದ 15 ನಿಮಿಷ ಟೋ-ಇನ್. ಹಿಂದಿನ ಚಕ್ರ ಟೋ-ಔಟ್‌ಗೆ ಹೋಗಲು ಮಾತ್ರ ಬಿಡಬೇಡಿ. ತಾಮ್ಹಿಣಿಯ ಮಳೆಯಲ್ಲಿ ತಿರುವಿನ ನಡುವೆ ಆಕ್ಸಲರೇಟರ್ ಬಿಟ್ಟರೆ ಹಿಂಭಾಗ ಹೇಳದೆ ಕೇಳದೆ ಹೊರಟುಬಿಡುತ್ತದೆ.

ನೆಗೆಟಿವ್ ಕ್ಯಾಂಬರ್ ಟೈರ್ ತಿನ್ನುತ್ತದೆ ಅಂತ ಹೆದರಿಸುವವರಿದ್ದಾರೆ. ಹೆಚ್ಚು ತಿನ್ನುವುದು ಟೋ. 17 ಇಂಚಿನ ರಿಮ್ಮಿನಲ್ಲಿ 1 ಮಿ.ಮೀ. ಟೋ ಅಂದರೆ ಸುಮಾರು 8 ನಿಮಿಷ. ಒಂದು ಚಕ್ರ ಅಷ್ಟು ಓರೆಯಾಗಿದ್ದರೆ ಪ್ರತಿ ಕಿಲೋಮೀಟರಿಗೆ 2.3 ಮೀಟರ್ ಅಡ್ಡಕ್ಕೆ ಉಜ್ಜಿಕೊಂಡು ಹೋಗುತ್ತದೆ. ಟೋ ಸೊನ್ನೆಗಿದ್ದರೆ ಒಂದೂವರೆ ಡಿಗ್ರಿ ಕ್ಯಾಂಬರಿನಲ್ಲೂ ಟೈರ್ ಒಳಂಚು ಧಾರಾಳವಾಗಿ ಬಾಳುತ್ತದೆ.

ಅಂಗಡಿಯಲ್ಲಿ ಮುಗಿದ ಮೇಲೆ 'ಸಗಳಂ ಗ್ರೀನ್ ಆಹೆ ಸಾಹೇಬ್' (ಎಲ್ಲ ಗ್ರೀನ್ ಇದೆ ಸಾಹೇಬ್ರೆ) ಅನ್ನುತ್ತಾರೆ. ಗ್ರೀನ್ ಅಂದರೆ ಕಂಪನಿ ಕೊಟ್ಟ ಮಿತಿಯೊಳಗಿದೆ ಅಂತಷ್ಟೇ, ಆ ಮಿತಿಯೋ ವಿಶಾಲ. ಮೊದಲೇ 'ಟೋ ಝೀರೋ ಪಾಹಿಜೆ' (ಟೋ ಸೊನ್ನೆಯೇ ಬೇಕು) ಅಂದುಬಿಡಿ, ಮುಂಚಿನ ಮತ್ತು ನಂತರದ ಪ್ರಿಂಟ್ ಎರಡನ್ನೂ ಕೇಳಿ ತೆಗೆದುಕೊಳ್ಳಿ. ಟೈ ರಾಡಿನ ಥ್ರೆಡ್ 1.5 ಮಿ.ಮೀ. ಪಿಚ್, ಸ್ಟಿಯರಿಂಗ್ ಆರ್ಮ್ 150 ಮಿ.ಮೀ. ಇದ್ದರೆ ರಾಡನ್ನು ಕಾಲು ಸುತ್ತು ತಿರುಗಿಸಿದರೆ ಟೋ ಎಂಟೂವರೆ ನಿಮಿಷ ಬದಲಾಗುತ್ತದೆ. ಚೆಕ್ ನಟ್ ಬಿಗಿಯುವಾಗ ರಾಡ್ ಒಂದು ಚೂರು ತಿರುಗಿದರೂ ಸಾಕು, ಮಾಡಿದ್ದೆಲ್ಲ ವ್ಯರ್ಥ. ಆದ್ದರಿಂದ ನಟ್ ಬಿಗಿದಾದ ಮೇಲಿನ ಅಂಕಿ ನೋಡಬೇಕು. ಇನ್ನೊಂದು ಅಡ್ಡದಾರಿ, ಸ್ಟಿಯರಿಂಗ್ ಸೊಟ್ಟಗಿದ್ದರೆ ವೀಲನ್ನೇ ಕಿತ್ತು ಒಂದು ಹಲ್ಲು ಸರಿಸಿ ಕೂರಿಸುವುದು. ಇಎಸ್‌ಪಿ (ಕಾರು ಜಾರದಂತೆ ತಡೆಯುವ ಎಲೆಕ್ಟ್ರಾನಿಕ್ ವ್ಯವಸ್ಥೆ) ಇರುವ ಕಾರಿನಲ್ಲಿ ಸೆನ್ಸರಿಗೆ ಕೋನ ತಪ್ಪಾಗಿ ಹೋಗುತ್ತದೆ. ಒಂದು ಕಡೆಯ ಟೈ ರಾಡ್ ಎಷ್ಟು ಉದ್ದ ಮಾಡಿದಿರೋ ಇನ್ನೊಂದನ್ನು ಅಷ್ಟೇ ಗಿಡ್ಡ ಮಾಡುವುದು ಸರಿಯಾದ ದಾರಿ.

ಕ್ಯಾಂಬರ್ ಹೆಚ್ಚಿಸುವ ವಿಧಾನ ಕಾರಿಗೆ ತಕ್ಕಂತೆ. ಸ್ವಿಫ್ಟ್‌ನಲ್ಲಿ ಸ್ಟ್ರಟ್ಟನ್ನು ನಕಲ್‌ಗೆ (ಚಕ್ರದ ಹಬ್ ಹೊತ್ತಿರುವ ತುಂಡು) ಎರಡು ಬೋಲ್ಟ್ ಹಿಡಿದಿರುತ್ತವೆ. ಒಂದರ ಜಾಗಕ್ಕೆ ತಿರುಗಿಸಿ ಕೋನ ಬದಲಿಸಬಹುದಾದ ಕ್ಯಾಂಬರ್ ಬೋಲ್ಟ್ ಹಾಕಿದರೆ 1 ಡಿಗ್ರಿಗೂ ಮಿಕ್ಕಿ ಸಿಗುತ್ತದೆ. ಇದು ಮೂಲ ಬೋಲ್ಟಿಗಿಂತ ಸಣ್ಣದು, ಅಂದಾಜಿನ ಬಿಗಿಗೆ ಜಾರುತ್ತದೆ. ಟಾರ್ಕ್ ರೆಂಚ್‌ನಲ್ಲೇ ಬಿಗಿದು ತಲೆಯ ಮೇಲಿಂದ ಬ್ರಾಕೆಟ್‌ವರೆಗೆ ಪೇಂಟಿನ ಗೆರೆ ಎಳೆಯಿರಿ. ಗೆರೆ ಮುರಿದಿದ್ದರೆ ಜಾರಿದೆ ಅಂತಲೇ. ಟೈರಿಗೂ ಸ್ಟ್ರಟ್ಟಿಗೂ ನಡುವೆ ಕನಿಷ್ಠ 5 ಮಿ.ಮೀ. ಉಳಿದಿದೆಯೇ ನೋಡಿ. ಆಕ್ಟೇವಿಯಾದಲ್ಲಿ ಸ್ಟ್ರಟ್ ನಕಲ್‌ನ ಕ್ಲಾಂಪಿನೊಳಗೆ ಕೂರುವುದರಿಂದ ಈ ಬೋಲ್ಟ್ ನಡೆಯುವುದಿಲ್ಲ, ಮೇಲೆ ಸ್ಟ್ರಟ್ಟಿನ ತುದಿಯನ್ನು ಒಳಕ್ಕೆ ಸರಿಸುವ ಕ್ಯಾಂಬರ್ ಪ್ಲೇಟ್ ಬೇಕು. ಒಂದು ಕಡೆ ಮೈನಸ್ 1, ಇನ್ನೊಂದು ಕಡೆ ಸೊನ್ನೆ ತೋರಿಸುತ್ತಿದ್ದರೆ ಏನನ್ನೂ ಕೊಳ್ಳಬೇಡಿ. ಕ್ಲಚ್ ಕೆಲಸಕ್ಕೆ ಇಳಿಸಿದ ಸಬ್‌ಫ್ರೇಮ್ (ಲೋವರ್ ಆರ್ಮ್‌ಗಳು ಕೂರುವ ಚೌಕಟ್ಟು) ಪಕ್ಕಕ್ಕೆ ಕೂತಿರುವ ಸಾಧ್ಯತೆಯೇ ಹೆಚ್ಚು. ಅದನ್ನು ಸಡಿಲಿಸಿ ನಡುವಿಗೆ ತಂದರೆ ಎರಡೂ ಸಮ.

ಹಿಂದೆ ಟಾರ್ಷನ್ ಬೀಮ್ (ಎರಡೂ ಚಕ್ರ ಜೋಡಿಸುವ ಒಂದೇ ತೊಲೆ) ಇದ್ದರೆ ತಿರುಗಿಸಲು ಬೋಲ್ಟೇ ಇಲ್ಲ. ಚಕ್ರದ ಹಬ್ ಹಿಂದೆ ಶಿಮ್ (ತೆಳು ತಗಡು) ಇಡಬಹುದು, ಅಷ್ಟೇ.

ಸ್ಪ್ರಿಂಗ್ ಹಾಕಿ ಇಳಿಸುವವರು ಗಮನಿಸಬೇಕಾದ್ದು ಲೋವರ್ ಆರ್ಮ್. ಕಾರು ನಿಂತಾಗ ಅದು ಮಟ್ಟಸವಾಗಿರಬೇಕು, ಇಲ್ಲವೇ ಚಕ್ರದ ಕಡೆ ತುಸು ಇಳಿದಿರಬೇಕು. ಚಕ್ರದ ಕಡೆ ಏರಿದ್ದರೆ ರೋಲ್ ಸೆಂಟರ್ (ಬಾಡಿ ಯಾವ ಬಿಂದುವಿನ ಸುತ್ತ ವಾಲುತ್ತದೋ ಅದು) ಕಾರಿಗಿಂತ ಹೆಚ್ಚು ಕೆಳಗಿಳಿದಿದೆ ಎಂದರ್ಥ. ತಗ್ಗಾದ ಕಾರು ಮೊದಲಿಗಿಂತ ಹೆಚ್ಚು ವಾಲಲು ನೋಡುತ್ತದೆ. ಇಳಿಸುವುದು 25 ಮಿ.ಮೀ. ಮೀರದಿದ್ದರೆ ಒಳ್ಳೆಯದು.

ಈಗ ಬಾರ್ ವಿಷಯ. ಬೇಕೋ ಬೇಡವೋ ತಿಳಿಯಲು ಸುಲಭ ಉಪಾಯವಿದೆ. ಒಂದು ಟವರಿಗೆ ಅಲ್ಯೂಮಿನಿಯಂ ಪೈಪ್, ಎದುರಿನದಕ್ಕೆ ಪೈಪಿನೊಳಗೆ ಜಾರುವ ರಾಡ್ ಕಟ್ಟಿ, ರಾಡಿನ ಮೇಲೆ ಪೈಪಿನ ಬಾಯಿಗೆ ತಾಗುವಂತೆ ಬಿಗಿಯಾದ ರಬ್ಬರ್ ರಿಂಗ್ ಕೂರಿಸಿ. ಸಾತಾರಾ ದಾರಿಯ ಖಂಬಾಟ್ಕಿ ಘಾಟ್ ಹತ್ತಿ ಬಂದ ಮೇಲೆ ರಿಂಗ್ ಎಷ್ಟು ಸರಿದಿದೆ ಅಳೆಯಿರಿ. ಟವರುಗಳು ಅಷ್ಟು ಹತ್ತಿರ ಬಂದಿವೆ. ಅರ್ಧ ಮಿ.ಮೀ. ಕೂಡ ಇಲ್ಲದಿದ್ದರೆ ದುಡ್ಡು ಜೇಬಲ್ಲೇ ಇರಲಿ. ಟವರುಗಳು ಫೈರ್‌ವಾಲ್‌ಗೆ (ಎಂಜಿನ್‌ಗೂ ಕ್ಯಾಬಿನ್‌ಗೂ ನಡುವಿನ ಗೋಡೆ) ಅಂಟಿಕೊಂಡಂತಿರುವ ಕಾರುಗಳಲ್ಲಿ ಹೀಗಾಗುವುದೇ ಹೆಚ್ಚು. ಕೊಳ್ಳುವುದಾದರೆ ಎರಡೂ ತುದಿಗೆ ಬೆಸುಗೆ ಹಾಕಿದ ಒಂದೇ ತುಂಡಿನದನ್ನು ಕೊಳ್ಳಿ. ತುದಿಗಳಲ್ಲಿ ಕೀಲು ಇರುವಂಥದ್ದು ಬಾಗುವುದನ್ನು ತಡೆಯುವುದಿಲ್ಲ. ಬಾನೆಟ್ ತಾಗುತ್ತದೆಯೇ ಅಂತ ಬಾರ್ ಮೇಲೆ ಮಕ್ಕಳಾಡುವ ಜೇಡಿಮಣ್ಣಿನ ಉಂಡೆ ಇಟ್ಟು, ಮೆಲ್ಲಗೆ ಮುಚ್ಚಿ ತೆಗೆದು, ಉಳಿದ ದಪ್ಪ ನೋಡಿ.

ಕೆಳಗೆ ಲೋವರ್ ಆರ್ಮ್‌ಗಳ ಬುಡವನ್ನು ಜೋಡಿಸುವ ಬ್ರೇಸ್ ಕೆಲವು ಕಾರುಗಳಲ್ಲಿ ಸ್ಟ್ರಟ್ ಬಾರ್‌ಗಿಂತ ಹೆಚ್ಚು ಕೆಲಸ ಮಾಡುತ್ತದೆ, ಟೋ ಹಿಡಿದಿಡುವ ಜಾಗವೇ ಅದು. ಆದರೆ 20 ಮಿ.ಮೀ. ಕೆಳಗೆ ಜೋತರೂ ಸೊಸೈಟಿ ಗೇಟಿನ ರಸ್ತೆಯುಬ್ಬಿಗೆ ಮೊದಲು ತಗಲುವುದು ಅದೇ. ಹಾಗೆ ಬಡಿದಾಗ ಪೆಟ್ಟು ನೇರ ಸಬ್‌ಫ್ರೇಮ್ ಬೋಲ್ಟಿಗೆ ಹೋಗುವುದರಿಂದ, ಒಮ್ಮೆ ಜೋರಾಗಿ ತಗಲಿದರೂ ಟೋ ಮತ್ತೆ ಅಳೆಸಿ.